ಗುಡಾರವೂ ಗೃಹಿಣಿಯೂ

ದಸರೆಯ ರಜೆ ಸಮೀಪಿಸಿತೆಂದರೆ ನಮಗೆ ಬರುವ ಅಂಚೆಯ ಬಣ್ಣವೇ ಬದಲಾಗುವುದು. ಉಪ್ಪಿನಕಾಯಿಗೆ ಬೂಸಲು ಹಿಡಿಯದಂತೆ ಏನು ಮಾಡಬೇಕು, ಮಗುವಿಗೆ ಹಲ್ಲು ಬರುವಾಗ ಏನು ಕೊಡಬೇಕು ಎಂಬ ವರ್ಷವಿಡೀ ಬರುವ ಪ್ರಶ್ನೆಗಳು ಹಿಂದಕ್ಕೆ ಸರಿದು, ಮಕ್ಕಳನ್ನು ಎಲ್ಲಿಗೆ ಕರೆದೊಯ್ಯೋಣ, ಎಷ್ಟು ದಿನ ಹೋಗೋಣ, ವಯಸ್ಸಾದವರನ್ನು ಜೊತೆಗೆ ಕರೆದುಕೊಳ್ಳಬಹುದೇ ಎಂಬ ಕಾಗದಗಳು ಬಂದು ಬೀಳುವುವು. ಇವುಗಳಲ್ಲಿ ಬಹುಪಾಲಿಗೆ ಉತ್ತರ ಬರೆಯುವುದು ಕಷ್ಟವಲ್ಲ. ಆದರೆ ಈ ಸಲ ಹಾಸನ ಸೀಮೆಯ ಸೋದರಿಯೊಬ್ಬರು ಬರೆದ ಕಾಗದವು ನಮ್ಮನ್ನು ಸ್ವಲ್ಪ ಹೊತ್ತು ಲೇಖನಿ ಕೆಳಗಿಟ್ಟು ಸುಮ್ಮನೆ ಕುಳಿತುಕೊಳ್ಳುವಂತೆ ಮಾಡಿತು. ಅವರ ಮಾತಿನಲ್ಲಿಯೇ ಅದರ ಸಾರಾಂಶವನ್ನು ಇಲ್ಲಿ ಕೊಡುತ್ತೇವೆ.

“ನಮ್ಮ ಯಜಮಾನರಿಗೂ ಮಕ್ಕಳಿಗೂ ಈ ರಜೆಯಲ್ಲಿ ಗುಡಾರ ಹಾಕಿಕೊಂಡು ಮೂರು ರಾತ್ರಿ ಬಯಲಿನಲ್ಲಿ ಇದ್ದು ಬರಬೇಕೆಂಬ ಹಂಬಲ ಹುಟ್ಟಿದೆ. ಗುಡಾರವನ್ನು ಆಗಲೇ ತಂದದ್ದಾಗಿದೆ. ಸಕಲೇಶಪುರದ ಕಡೆ ನನ್ನ ಅಣ್ಣನವರ ಕಾಫಿ ತೋಟವಿರುವುದರಿಂದ ಜಾಗಕ್ಕೂ ಚಿಂತೆಯಿಲ್ಲವೆನ್ನುತ್ತಾರೆ. ನಮ್ಮ ಅತ್ತೆಯವರು ‘ಇರಲು ಮನೆಯಿದ್ದೂ ಬಯಲಿನಲ್ಲಿ ಮಲಗುವುದು ಯಾವ ಪೂರ್ವಕರ್ಮ?’ ಎಂದು ಕೇಳುತ್ತಾರೆ. ನನಗಾದರೋ ಗುಡಾರದ ಮೇಲೆ ದ್ವೇಷವಿಲ್ಲ, ಬಯಲಿನ ಮೇಲೂ ಇಲ್ಲ. ನಾನು ಕೇಳುವುದು ಒಂದೇ ಮಾತು. ಅಲ್ಲಿ ಒಲೆಯ ಮುಂದೆ ಕುಳಿತುಕೊಳ್ಳುವವರು ಯಾರು?”

ಮೊದಲು ಅತ್ತೆಯವರ ಆಕ್ಷೇಪಣೆಯನ್ನು ತೆಗೆದುಕೊಳ್ಳೋಣ. ಹಿರಿಯರ ಮಾತಿಗೆ ಮೊದಲ ಮಣೆ ಸಲ್ಲತಕ್ಕದ್ದು. ಬಯಲಿನಲ್ಲಿ ಬಿಡಾರ ಹೂಡುವುದು ನಮ್ಮ ಜನಕ್ಕೆ ಹೊಸದಲ್ಲ. ನಮ್ಮ ಭಾಷೆಯಲ್ಲಿ ದಂಡು ಇಳಿದ ಜಾಗವೂ ಬೀಡು, ಅರಸನು ನೆಲೆಸಿದ ರಾಜಧಾನಿಯೂ ನೆಲೆವೀಡು. ಹಾಸನದ ಸೋದರಿಗೆ ಇದನ್ನು ನಾವು ಹೇಳಬೇಕಾದುದೇ ಇಲ್ಲ. ಅವರ ಜಿಲ್ಲೆಯ ಹಳೇಬೀಡು ತನ್ನ ಹೆಸರಿನಲ್ಲಿಯೇ ಆ ಮಾತನ್ನು ಇಂದಿಗೂ ಇಟ್ಟುಕೊಂಡಿದೆ. ಉತ್ತರದ ಸೀಮೆಯಲ್ಲಿ ಸವದತ್ತಿಯ ಎಲ್ಲಮ್ಮನ ಜಾತ್ರೆಗೂ, ಬಾದಾಮಿಯ ಬನಶಂಕರಿಯ ಜಾತ್ರೆಗೂ ಒಕ್ಕಲು ಮನೆತನಗಳು ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ, ಗಾಡಿಯ ನೆರಳಿನಲ್ಲಿಯೇ ಒಲೆ ಹೂಡಿ, ಅದರ ಅಡಿಯಲ್ಲಿಯೇ ಮಲಗಿ ದಿನಗಳನ್ನು ಕಳೆದು ಬರುವ ಪದ್ಧತಿ ಎಷ್ಟು ತಲೆಮಾರಿನದೋ. ಕಲಬುರಗಿ, ಬೀದರ, ವಿಜಯಪುರದ ಕಡೆ ಎಳ್ಳಮಾವಾಸ್ಯೆಯ ದಿನ ಮನೆಗೆ ಮನೆಯೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆದು, ಚರಗ ಚೆಲ್ಲಿ, ಸಜ್ಜೆಯ ರೊಟ್ಟಿಯನ್ನೂ ಭಜ್ಜಿಯನ್ನೂ ಬಂಧುಮಿತ್ರರೊಡನೆ ಬಯಲಿನಲ್ಲಿಯೇ ಉಂಡು ಬರುವುದನ್ನು ಅತ್ತೆಯವರು ಕೇಳಿಯೇ ಇರಬೇಕು. ಇವಾವುವೂ ಕರ್ಮವಲ್ಲ; ಹಬ್ಬಗಳೇ.

ವಿನೋದಕ್ಕಾಗಿಯೇ ಗುಡಾರ ಹಾಕುವುದು ಮಾತ್ರ ಈಚಿನ ರೂಢಿ. ಇದನ್ನು ಇಂಗ್ಲೆಂಡಿನಲ್ಲಿ ಜನಸಾಮಾನ್ಯರ ಹವ್ಯಾಸವಾಗಿ ಮಾಡಿದವರಲ್ಲಿ ಮೊದಲಿಗರು ಥಾಮಸ್ ಹಿರಾಮ್ ಹೋಲ್ಡಿಂಗ್ ಎಂಬ ದರ್ಜಿ. ಇವರು ಬಾಲಕರಾಗಿದ್ದಾಗ, 1853 ರಲ್ಲಿ, ತಂದೆತಾಯಿಗಳೊಡನೆ ಅಮೆರಿಕದ ಹುಲ್ಲುಗಾವಲುಗಳನ್ನು ಗಾಡಿಗಳ ಸಾಲಿನಲ್ಲಿ ದಾಟಿದವರು. ಆ ನೆನಪು ಬಿಡದೆ, ದೊಡ್ಡವರಾದ ಮೇಲೆ ಬೈಸಿಕಲ್ಲಿನ ಮೇಲೆ ಹೊರಬಹುದಾದಷ್ಟು ಹಗುರವಾದ ಗುಡಾರವನ್ನು ಹೊಲಿದರು. 1901 ರಲ್ಲಿ ಒಂದು ಸಂಘವನ್ನೂ ಕಟ್ಟಿದರು. 1908 ರಲ್ಲಿ ಒಂದು ದೊಡ್ಡ ಕೈಪಿಡಿಯನ್ನೂ ಬರೆದರು. ಜಾತ್ರೆಯ ಗಾಡಿಯಡಿ ಮಲಗಿದ ನಮ್ಮ ಮಕ್ಕಳಲ್ಲಿ ಯಾರೂ ಹಾಗೆ ಕೈಪಿಡಿ ಬರೆಯಲಿಲ್ಲವೆಂಬುದಷ್ಟೆ ವ್ಯತ್ಯಾಸ.

ಆದರೆ ಸೋದರಿಯ ಸ್ವಂತ ಪ್ರಶ್ನೆಗೆ ಜಾತ್ರೆಯಲ್ಲಿಯೂ ಉತ್ತರವಿಲ್ಲ. ಗಾಡಿಯ ನೆರಳಿನ ಒಲೆಯ ಮುಂದೆಯೂ ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ ಕುಳಿತವರು ಅವರಂಥವರೇ. ಆದಕಾರಣ ಇಲ್ಲಿ ನಮ್ಮ ತಪ್ಪನ್ನೇ ಮುಂದಿಡುವುದು ಉಚಿತವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಇದೇ ರಜೆಯಲ್ಲಿ ನಾವು, ನಮ್ಮ ಮನೆಯಾಕೆ, ಮಕ್ಕಳಿಬ್ಬರು, ನಮ್ಮ ತಾಯಿಯವರು, ಹೀಗೆ ಐವರು ಮಂಡ್ಯದ ಸೀಮೆಯಲ್ಲಿ ಕಾವೇರಿಯ ದಡದಲ್ಲಿರುವ ನಮ್ಮ ಷಡ್ಡಕರ ಹೊಲಕ್ಕೆ ಗುಡಾರ ಹೊತ್ತುಕೊಂಡು ಹೋದೆವು. “ಮೂರು ದಿನ ನಿನಗೆ ಪೂರ್ಣ ವಿಶ್ರಾಂತಿ” ಎಂದು ಮನೆಯಾಕೆಗೆ ಮಾತು ಕೊಟ್ಟಿದ್ದೆವು. ಮಾತು ಕೊಡುವಾಗ ನಮ್ಮ ಮನಸ್ಸು ಶುದ್ಧವಾಗಿಯೇ ಇತ್ತು. ಆದರೆ ಬೆಳಗ್ಗೆ ಎದ್ದೊಡನೆ ಹಿರಿಯರಿಗೆ ಕಾಫಿ ಬೇಕು. ಮಕ್ಕಳಿಗೆ ದೋಸೆ ನೆನಪಾಯಿತು. ನಾವಾದರೋ ಹೊಳೆಯ ಗಾಳಿಗೆ ಹಸಿವು ಹೆಚ್ಚಿತೆಂದು ಹೊಗಳುತ್ತ ಎರಡು ಸಲ ಹೆಚ್ಚಾಗಿ ತಟ್ಟೆ ಚಾಚಿದೆವು. ಮನೆಯಲ್ಲಿ ನಲ್ಲಿಯುಂಟು, ಮಿಕ್ಸಿಯುಂಟು, ನಿಂತು ಮಾಡುವ ಕಟ್ಟೆಯುಂಟು. ಅಲ್ಲಿ ಮೂರು ಕಲ್ಲು, ಹಸಿ ಸೌದೆ, ದೂರದ ನೀರು. ನಾವು ಮರದ ಕೆಳಗೆ ಚಾಪೆಯ ಮೇಲೆ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಪ್ರಕೃತಿಸೌಂದರ್ಯವನ್ನು ಸವಿಯುತ್ತಿದ್ದೆವು. ಹಿಂದಿರುಗುವ ದಿನ ಸಾಮಾನು ಕಟ್ಟುತ್ತ ಮನೆಯಾಕೆ ಕೋಪವಿಲ್ಲದ ಧ್ವನಿಯಲ್ಲಿಯೇ ಹೇಳಿದರು: “ಮೂರು ದಿನದಲ್ಲಿ ನಾನು ಹೊಳೆಯನ್ನು ನೋಡಿದ್ದು ಪಾತ್ರೆ ತೊಳೆಯುವಾಗ ಮಾತ್ರ.”

ಕೋಪದಿಂದ ಹೇಳಿದ್ದರೆ ನಾವೂ ಏನಾದರೂ ಉತ್ತರ ಕೊಡುತ್ತಿದ್ದೆವು. ಈ ಮಾತಿಗೆ ಉತ್ತರವಿರಲಿಲ್ಲ.

ಮರು ವರ್ಷ ಮಕ್ಕಳು ಪುನಃ ಗುಡಾರವೆಂದಾಗ ಅವರು ಒಲ್ಲೆನೆನ್ನಲಿಲ್ಲ. ಆದರೆ ಹೊರಡುವ ಮೊದಲೇ ಒಂದು ಕಾಗದದ ಮೇಲೆ ಕೆಲಸಗಳ ಪಟ್ಟಿ ಬರೆಯಿಸಿದರು. ನೀರು ತರುವುದು ಹದಿಮೂರರ ಮಗನಿಗೆ. ಟಾರ್ಚು, ಬೆಂಕಿಪೆಟ್ಟಿಗೆ, ಉಪ್ಪಿನ ಡಬ್ಬಿ ಎಲ್ಲಿವೆಯೆಂದು ಸದಾ ತಿಳಿದಿರುವುದು ಒಂಬತ್ತರ ಮಗಳಿಗೆ. ಈ ಅಧಿಕಾರವನ್ನು ಆ ಮಗುವು ನಡೆಸಿದ ಬಿಗಿಯನ್ನು ನೋಡಿದರೆ ದೊಡ್ಡ ಉಗ್ರಾಣಿಗಳೂ ನಾಚಬೇಕು. ತರಕಾರಿ ಹೆಚ್ಚುವುದನ್ನು ನಮ್ಮ ತಾಯಿಯವರು ತಾವಾಗಿಯೇ ಕೇಳಿ ಪಡೆದರು. ಒಲೆ ಹೊತ್ತಿಸುವುದು, ಅನ್ನ ಮಾಡುವುದು, ಪಾತ್ರೆ ತೊಳೆಯುವುದು, ಈ ಮೂರೂ ನಮ್ಮ ಪಾಲಿಗೆ ಬಂದವು. ಮನೆಯಾಕೆಯ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವುಂಟು. ಪಟ್ಟಿ ಬರೆಯುವುದು ಸುಲಭ. ಆ ಪಟ್ಟಿಯಂತೆ ಗೃಹಿಣಿಯು ಏಳದೆ ಕುಳಿತಿರುವುದು ಬಹು ಕಷ್ಟ. ಮೊದಲ ರಾತ್ರಿಯ ನಮ್ಮ ಅನ್ನವು ತಳದಲ್ಲಿ ಸೀದು, ನಡುವೆ ಬೆಂದು, ಮೇಲೆ ಅಕ್ಕಿಯಾಗಿಯೇ ಉಳಿದಿತ್ತು. ಮನೆಯಾಕೆಯ ಕೈ ಎರಡು ಸಲ ಸೌಟಿನ ಕಡೆಗೆ ಹೋದದ್ದನ್ನು ನಾವು ಕಂಡೆವು. ಎರಡು ಸಲವೂ ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡರು. ಆ ಅನ್ನವನ್ನು ಎಲ್ಲರೂ ಉಂಡೆವು. ಎರಡನೆಯ ರಾತ್ರಿ ನೀರಿನ ಅಳತೆಯನ್ನು ಮಾತ್ರ ನಾವು ಕೇಳಿದೆವು, ಅವರು ಕುಳಿತಲ್ಲಿಂದಲೇ ಹೇಳಿದರು, ಅನ್ನ ಅನ್ನದಂತಾಯಿತು. ಸೋದರಿಯೇ, ನಿಮ್ಮ ಪ್ರಶ್ನೆಗೆ ನಮ್ಮ ಉತ್ತರದ ಮೊದಲರ್ಧ ಇದು. ಯಜಮಾನರು ಕೂರಬೇಕು, ಅದಕ್ಕಿಂತ ಕಷ್ಟವಾದುದು, ನೀವು ಏಳಕೂಡದು.

ಉತ್ತರಾರ್ಧವು ಅಡುಗೆಯನ್ನೇ ಕಡಮೆ ಮಾಡುವುದರಲ್ಲಿದೆ. ಬಿಡಾರದಲ್ಲಿ ದಿನಕ್ಕೆ ಒಂದೇ ಬಿಸಿಯೂಟ, ಅದೂ ಸೂರ್ಯ ಮುಳುಗುವ ಮೊದಲು, ಎಂದು ನಾವು ನಿಯಮ ಮಾಡಿಕೊಂಡಿದ್ದೇವೆ. ಮಿಕ್ಕ ಹೊತ್ತಿಗೆ ನಮ್ಮ ಅಜ್ಜಿಯರ ಬುತ್ತಿಗಳೇ ಸಾಕು. ನೆನೆಸಿದ ಅವಲಕ್ಕಿಗೆ ಗೊಜ್ಜು ಕಲಸಿದರೆ ಬೆಂಕಿಯಿಲ್ಲದೆ ಉಪಾಹಾರವಾಗುವುದು. ಹುರಿಹಿಟ್ಟಿಗೆ ಬೆಲ್ಲವನ್ನೂ ನೀರನ್ನೂ ಹಾಕಿದರೆ ಮಕ್ಕಳು ಮಧ್ಯಾಹ್ನದವರೆಗೆ ಹಸಿವೆನ್ನುವುದಿಲ್ಲ. ಉತ್ತರದ ಸೀಮೆಯ ಖಡಕ್ ಜೋಳದ ರೊಟ್ಟಿಯೂ ಶೇಂಗಾ ಚಟ್ನಿಪುಡಿಯೂ ವಾರವಾದರೂ ಕೆಡವು. ಇವುಗಳ ಮುಂದೆ ಅಂಗಡಿಯ ಬಿಸ್ಕತ್ತು ಯಾವ ಮೂಲೆಗೆ? ಹೊರಡುವ ದಿನದ ಊಟಕ್ಕೆ ಮೊಸರನ್ನ ಕಟ್ಟುವವರು ಅನ್ನವನ್ನು ಮೆತ್ತಗೆ ಮಾಡಿ, ಚೆನ್ನಾಗಿ ಹಿಚುಕಿ, ಉಗುರುಬೆಚ್ಚಗಿನ ಹಾಲನ್ನೇ ಧಾರಾಳವಾಗಿ ಸುರಿದು ಒಂದು ಚಮಚ ಮೊಸರನ್ನು ಮಾತ್ರ ಬೆರೆಸಬೇಕು. ಊಟದ ಹೊತ್ತಿಗೆ ಅದು ತಾನಾಗಿಯೇ ಹೆಪ್ಪುಗೊಂಡು ಹದವಾಗಿರುವುದು, ಹುಳಿಯಾಗದು. ಪುಳಿಯೋಗರೆಯ ಗೊಜ್ಜು ಒಂದು ಭರಣಿಯಿದ್ದರೆ ಎರಡನೆಯ ದಿನದ ಚಿಂತೆಯಿಲ್ಲ, ಬಿಸಿ ಅನ್ನವೊಂದಾದರಾಯಿತು. ಒಲೆಗೆ ನಾವು ಈಗ ಸಣ್ಣ ಗ್ಯಾಸ್ ಒಲೆಯನ್ನೇ ಒಯ್ಯುತ್ತೇವೆ. ಮೂರು ಕಲ್ಲಿನ ಸೌದೆಯೊಲೆಯ ರುಚಿಯನ್ನು ಹೊಗಳುವವರು ಸಾಮಾನ್ಯವಾಗಿ ಅದನ್ನು ಊದಿದವರಲ್ಲ.

ಇನ್ನು ಜಾಗದ ವಿಚಾರ. ಇದರಲ್ಲಿ ಮಾತ್ರ ವಿನೋದಕ್ಕೆ ಎಡೆಯಿಲ್ಲ. ಏಕೆಂದರೆ ಆ ಮೊದಲ ಸಲವೇ ನಾವು ಐದು ಜೀವಗಳನ್ನು ಅಪಾಯದ ಬಾಯಿಗೆ ಇಟ್ಟಿದ್ದೆವು.

ಷಡ್ಡಕರ ಹೊಲದ ಕೆಳಗೆ ಹೊಳೆಯ ಅಂಚಿನಲ್ಲಿ ಬೆಳ್ಳನೆಯ ಮರಳಿನ ದಿಣ್ಣೆಯೊಂದಿತ್ತು. ಮಟ್ಟಸವಾದ ಮೆತ್ತನೆಯ ನೆಲ, ಮೂರು ಕಡೆ ನೀರಿನ ಸದ್ದು. ಮಕ್ಕಳು ಕುಣಿದಾಡಿದರು, ನಾವೂ ಮರುಳಾಗಿ ಅಲ್ಲಿಯೇ ಗೂಟ ಹೊಡೆದೆವು. ಸಂಜೆಗೆ ಎತ್ತುಗಳನ್ನು ನೀರಿಗೆ ಇಳಿಸಿದ ಆಳು ಮುದುಕನೊಬ್ಬನು ನಮ್ಮನ್ನು ನೋಡಿ ನಿಂತನು. “ಅಲ್ ಮನಿಕ್ಕಬ್ಯಾಡಿ ಬುದ್ಧಿ” ಎಂದನು. ನಾವು ನೀರು ಇಷ್ಟು ದೂರವಿದೆಯಲ್ಲ ಎಂದೆವು. “ಮ್ಯಾಲೆ ನೀರ್ ಬುಟ್ರೆ ನಿಮ್ಗೆ ಹೇಳ್ಕಳಿಸ್ತಾರಾ?” ಎಂದು ಕೇಳಿ ಅವನು ಹೊರಟುಹೋದನು. ಗೂಟ ಕೀಳುವ ಬೇಸರದಿಂದ ನಾವು ಇನ್ನೂ ಅನುಮಾನಿಸುತ್ತಿದ್ದೆವು. ಮನೆಯಾಕೆ ಮಾತನಾಡದೆ ಹಾಸಿಗೆಯನ್ನು ಸುತ್ತತೊಡಗಿದರು. ಗೊಣಗುತ್ತಲೇ ಗುಡಾರವನ್ನು ಮೇಲಿನ ಹೊಲದ ಬದುವಿಗೆ ಸಾಗಿಸಿದೆವು. ಬೆಳಗ್ಗೆ ಎದ್ದು ನೋಡಿದರೆ ಮರಳಿನ ದಿಣ್ಣೆಯೇ ಕಾಣದು. ಅದರ ಮೇಲೆ ಕೆಂಪು ನೀರು ಸದ್ದಿಲ್ಲದೆ ಹರಿಯುತ್ತಿತ್ತು. ರಾತ್ರಿ ಮರೆತು ಬಂದಿದ್ದ ಮಗಳ ಚಪ್ಪಲಿಯ ಜೋಡಿಯೂ ಒಂದು ಹಿತ್ತಾಳೆ ಚೊಂಬೂ ಹೋಗಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ಜಲಾಶಯಗಳು ತುಂಬಿರುವುವು. ನಾವು ಮಲಗಿದಲ್ಲಿ ಒಂದು ಹನಿ ಬೀಳದಿದ್ದರೂ ಮೇಲಿನ ಸೀಮೆಯಲ್ಲಿ ಮಳೆಯಾದರೆ ಹೊಳೆಯು ರಾತ್ರೋರಾತ್ರಿ ಏರಬಹುದು. ಆದುದರಿಂದ ಹೊಳೆಯ ಮರಳು, ಒಣಗಿದ ಹಳ್ಳದ ಪಾತ್ರ, ದಡದಲ್ಲಿ ಕಸಕಡ್ಡಿ ಸಿಕ್ಕಿಕೊಂಡು ಹಳೆಯ ನೆರೆಯ ಗೆರೆ ಕಾಣುವ ಎಡೆ, ಇವು ಮೂರೂ ಸರ್ವಥಾ ವರ್ಜ್ಯ. ನೀರಾಟವೂ ಹಾಗೆಯೇ. ಮುತ್ತತ್ತಿ, ಮೇಕೆದಾಟುಗಳಲ್ಲಿ ಮೇಲೆ ಶಾಂತವಾಗಿ ಕಾಣುವ ಕಾವೇರಿಯ ಕೆಳಗೆ ಬಂಡೆಯ ಗುಂಡಿಗಳೂ ಸುಳಿಗಳೂ ಇದ್ದು, ಈಜು ಬಲ್ಲ ಯುವಕರೂ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಗುರುತಿಲ್ಲದ ಹೊಳೆಯಲ್ಲಿ ಮಕ್ಕಳ ಮೊಣಕಾಲು ಮುಳುಗಿದರೆ ಸಾಕು, ಅದೇ ಎಲ್ಲೆ.

ಕಾಡಿನೊಳಗೆ ಬೇಕಾದಲ್ಲಿ ಗುಡಾರ ಹಾಕುತ್ತೇವೆಂದರೆ ಆಗದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮೀಸಲು ಅರಣ್ಯಗಳಲ್ಲಿಯೂ ವನ್ಯಧಾಮಗಳಲ್ಲಿಯೂ ರಾತ್ರಿ ತಂಗುವುದು ಅಪರಾಧವಾಗುತ್ತದೆ. ಕಾಡಿನ ಸವಿಯೇ ಬೇಕೆನ್ನುವವರಿಗೆ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಂತಹ ಎಡೆಗಳಲ್ಲಿ ಸರಕಾರದ ಸಂಸ್ಥೆಯೇ ಮಂಚ ಹಾಕಿದ ಗುಡಾರಗಳನ್ನು ಇಟ್ಟಿದೆ. ಅಲ್ಲಿ ಊಟವೂ ಸಿದ್ಧವಾಗಿ ಬರುವುದರಿಂದ ಸೋದರಿಯ ಪ್ರಶ್ನೆಯೇ ಏಳುವುದಿಲ್ಲ. ಖರ್ಚು ಮಾತ್ರ ಹೆಚ್ಚು. ಸ್ವಂತ ಗುಡಾರವೆಂದರೆ ಬಂಧುಗಳ ಹೊಲ, ತೋಟ, ಇಲ್ಲವೆ ಅದಕ್ಕೆಂದೇ ಜಾಗವಿಟ್ಟವರ ಅಂಗಳ.

ಹಾಸನದ ಸೋದರಿಯ ಅಣ್ಣನವರ ತೋಟಕ್ಕೆ ಬರೋಣ. ಸಕಲೇಶಪುರ, ಆಲೂರುಗಳ ಕಡೆ ಕಾಡಾನೆಗಳು ತೋಟದಿಂದ ತೋಟಕ್ಕೆ ರಾತ್ರಿಯ ಹೊತ್ತು ನಡೆಯುವುವೆಂಬುದನ್ನು ಅವರಿಗೆ ನಾವು ತಿಳಿಸಬೇಕಾಗಿಲ್ಲ. ಆದಕಾರಣ ಕಾಫಿ ಗಿಡಗಳ ನಡುವೆಯಾಗಲಿ, ಕೆರೆಯ ಏರಿಯ ಬಳಿಯಾಗಲಿ ಗುಡಾರ ಬೇಡವೇ ಬೇಡ. ಮನೆಯ ಮುಂದಿನ ಕಾಫಿ ಕಣದಲ್ಲಿ ಹಾಕಿ. ದಸರೆಯ ಹೊತ್ತಿಗೆ ಇನ್ನೂ ಕೊಯ್ಲು ಆರಂಭವಾಗದೆ ಕಣ ಖಾಲಿಯಿರುವುದು; ನೆಲ ಮಟ್ಟಸ, ನೀರು ನಿಲ್ಲದು, ದೀಪದ ಬೆಳಕು ಬೀಳುವುದು. ಕಣಕ್ಕೆ ಗಾರೆಯಾಗಿದ್ದರೆ ಗೂಟ ಇಳಿಯುವುದಿಲ್ಲವಾಗಿ, ಬಾಗುವ ಕೋಲುಗಳ ಮೇಲೆ ತಾನಾಗಿ ನಿಲ್ಲುವ ಗುಡಾರವೇ ಆಗಬೇಕು. ಅದರ ಹಗ್ಗಗಳನ್ನು ದಪ್ಪ ಕಲ್ಲುಗಳಿಗೆ ಕಟ್ಟಿರಿ. ಬಾಳೆಹಣ್ಣು, ಬೆಲ್ಲ, ಉಪ್ಪು, ಯಾವುದೂ ಗುಡಾರದೊಳಗೆ ಇರಕೂಡದು. ಆನೆಯ ಮೂಗು ನಮ್ಮ ಮೂಗಿನಂತಲ್ಲ. ಆ ವಾರ ಆನೆ ಯಾವ ಕಡೆಯಿದೆಯೆಂದು ತೋಟದ ರೈಟರನ್ನು ಕೇಳಿದರೆ ಗೊತ್ತಾಗುವುದು. ಹತ್ತಿರದಲ್ಲಿದೆಯೆಂದರೆ ಆ ರಾತ್ರಿ ಮನೆಯ ಜಗಲಿಯಲ್ಲಿ ಮಲಗಿ. ಮಕ್ಕಳು ಅತ್ತರೆ ಅಳಲಿ.

ಕಣವನ್ನು ನಾವು ಹೇಳುವುದಕ್ಕೆ ಇನ್ನೊಂದು ಕಾರಣವುಂಟು. ಬಹಿರ್ದೆಸೆಯ ವಿಚಾರವನ್ನು ಇಂತಹ ಲೇಖನಗಳಲ್ಲಿ ಯಾರೂ ಬರೆಯುವುದಿಲ್ಲ. ಆದರೆ ಹೆಂಗಸರಿಗೂ ವಯಸ್ಸಾದವರಿಗೂ ಬಿಡಾರವು ಸುಖವೋ ಶಿಕ್ಷೆಯೋ ಎಂಬುದನ್ನು ತೀರ್ಮಾನಿಸುವುದೇ ಅದು. ನೂರು ಹೆಜ್ಜೆಯೊಳಗೆ ಬಾಗಿಲಿರುವ ಪಾಯಖಾನೆಯಿಲ್ಲದ ಕಡೆಗೆ ಅತ್ತೆಯವರನ್ನು ಕರೆದೊಯ್ಯಬೇಡಿ. ಅಂತಹ ಅನುಕೂಲವಿಲ್ಲದ ಹೊಲದಲ್ಲಿ ಇರಬೇಕಾದವರು ನೀರಿನ ಸೆಲೆಯಿಂದ 200 ಅಡಿಗೆ ಕಡಮೆಯಿಲ್ಲದ ದೂರದಲ್ಲಿ ಅರ್ಧ ಅಡಿ ಆಳದ ಗುಂಡಿ ತೋಡಿ ಮಣ್ಣು ಮುಚ್ಚತಕ್ಕದ್ದು. ಸುತ್ತ ಮರೆ ಕಟ್ಟಲು ಎರಡು ಹಳೆಯ ಜಮಖಾನಗಳನ್ನು ಒಯ್ಯತಕ್ಕದ್ದು.

ಗುಡಾರವನ್ನು ಕೊಳ್ಳುವಾಗ ‘ನಾಲ್ವರಿಗೆ’ ಎಂದು ಅಂಗಡಿಯವರು ಹೇಳಿದರೆ, ನಾಲ್ವರು ಅಲುಗಾಡದೆ ಒತ್ತಾಗಿ ಮಲಗಬಹುದೆಂದು ಅರ್ಥ. ಗೃಹಸ್ಥರು ಒಂದೆರಡು ಜನ ಹೆಚ್ಚಿನದನ್ನೇ ಆರಿಸಬೇಕು. ಬೆಂಗಳೂರಿನಲ್ಲಿ ಬಾಡಿಗೆಗೂ ಕೊಡುತ್ತಾರಾದ್ದರಿಂದ ಮೊದಲ ಸಲಕ್ಕೆ ಕೊಳ್ಳಲೇಬೇಕೆಂದಿಲ್ಲ. ತಂದೊಡನೆ ಮಹಡಿಯ ಮೇಲೆ ಒಮ್ಮೆ ಹಾಕಿ ತೆಗೆದು ನೋಡಿರಿ. ಕೋಲೊಂದು ಕಡಮೆಯಿರುವುದು ಹೊಲದಲ್ಲಿ ಕತ್ತಲಾದ ಮೇಲೆ ಗೊತ್ತಾಗುವುದು ಚೆನ್ನಲ್ಲ. ಗೂಟವನ್ನು ನೆಟ್ಟಗೆ ಹೊಡೆಯದೆ, ತಲೆ ಗುಡಾರದಿಂದ ಆಚೆಗೆ ವಾಲುವಂತೆ ಹೊಡೆದರೆ ಹಗ್ಗ ಎಳೆದಷ್ಟೂ ಅದು ಕಚ್ಚಿಕೊಳ್ಳುವುದು. ಕೆಳಗೆ ಹಾಸುವ ಟಾರ್ಪಾಲು ಗುಡಾರದ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಾಗಿರಲಿ. ಹೊರಗೆ ಚಾಚಿದರೆ ಚಿತ್ತೆ, ಸ್ವಾತಿಯ ಮಳೆಯ ನೀರನ್ನೆಲ್ಲ ಅದು ಹಾಸಿಗೆಯ ಅಡಿಗೆ ಕರೆದು ತರುವುದು. ಬೆಳಗ್ಗೆ ಒಳಮೈಯಲ್ಲಿ ಹನಿಗಳಿದ್ದರೆ ಸೋರಿತೆಂದು ಅಂಗಡಿಯವನನ್ನು ಬಯ್ಯಬೇಡಿ. ಅದು ನಿಮ್ಮದೇ ಉಸಿರು. ಗಾಳಿಯ ಕಿಂಡಿಯನ್ನು ರಾತ್ರಿ ತೆರೆದಿಟ್ಟರೆ ಕಡಮೆಯಾಗುವುದು.

ಛಳಿಯೆಂದು ಗುಡಾರದೊಳಗೆ ಇದ್ದಲಿನ ಅಗ್ಗಿಷ್ಟಿಕೆಯನ್ನಾಗಲಿ ಗ್ಯಾಸ್ ಒಲೆಯನ್ನಾಗಲಿ ಎಂದೆಂದಿಗೂ ಇಡಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಈ ಒಂದು ವಾಕ್ಯವನ್ನು ಮನೆಯವರೆಲ್ಲರಿಗೂ ಗಟ್ಟಿಯಾಗಿ ಓದಿ ಹೇಳಬೇಕೆಂದು ಬೇಡುತ್ತೇವೆ.

ಹಾವಿನ ಭಯವನ್ನು ಅತ್ತೆಯವರು ಎತ್ತಿಯೇ ಎತ್ತುವರು. ಅದು ಸುಳ್ಳು ಭಯವೂ ಅಲ್ಲ. ನೆಲದ ಮೇಲೆ ಮಲಗಿದವರನ್ನು ರಾತ್ರಿಯಲ್ಲಿ ಕಚ್ಚುವುದು ಹೆಚ್ಚಾಗಿ ಕಟ್ಟುಹಾವು. ಅದರ ಕಡಿತದಲ್ಲಿ ನೋವೂ ಊತವೂ ಇಲ್ಲದೆ ಇರಬಹುದು; ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು ಕಂಡಾಗಲೇ ತಿಳಿಯುವುದೂ ಉಂಟು. ತಳವನ್ನು ಕೂಡಿಸಿಯೇ ಹೊಲಿದ, ಜಿಪ್ಪಿನಿಂದ ಪೂರ್ತಿ ಮುಚ್ಚುವ ಗುಡಾರವು ಇದಕ್ಕೆ ಒಳ್ಳೆಯ ರಕ್ಷೆ. ಒಂದು ಅಂಗುಲ ತೆರೆದಿದ್ದರೂ ಅದು ರಕ್ಷೆಯಲ್ಲ. ಚಪ್ಪಲಿ ಕೊಡವದೆ ಮೆಟ್ಟಕೂಡದು, ಟಾರ್ಚಿಲ್ಲದೆ ಇಳಿಯಕೂಡದು. ಕಚ್ಚಿತೆಂದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು, ಮಂತ್ರಿಸುವುದು ಇವಾವುವೂ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ 108 ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ವಿಷಕ್ಕೆ ಪ್ರತಿಯಾದ ಚುಚ್ಚುಮದ್ದು ಹತ್ತಿರದ ಯಾವ ಆಸ್ಪತ್ರೆಯಲ್ಲಿದೆಯೆಂದು ಹೊರಡುವ ಮೊದಲೇ ಕೇಳಿಟ್ಟುಕೊಳ್ಳುವುದು ಯಜಮಾನರ ಕೆಲಸ. ಇದನ್ನು ಪಟ್ಟಿಯಲ್ಲಿ ಬರೆಯಿರಿ.

ಮಲೆನಾಡಿಗೆ ಹೋಗುವವರಿಗೆ ಉಂಬಳವು ಬರಿಯ ಉಪದ್ರವ; ಉಪ್ಪು ಮುಟ್ಟಿಸಿದರೆ ಬಿಡುವುದು. ಉಣ್ಣೆಯ ವಿಚಾರ ಹಾಗಲ್ಲ. 1957 ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಈ ಸಣ್ಣ ಹುಳುವಿನ ಕಡಿತದಿಂದ ಹರಡುವುದು, ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಬೇಸಗೆಯ ರಜೆಯಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ ಗುಡಾರ ಹಾಕಬೇಕೆಂದಿರುವವರು ಮೊದಲು ಅಲ್ಲಿನ ಆರೋಗ್ಯ ಕೇಂದ್ರವನ್ನು ವಿಚಾರಿಸಲಿ. ತರಗೆಲೆಯ ಮೇಲೆ ಕೂರದಿರಲಿ. ಸತ್ತ ಮಂಗ ಕಂಡರೆ ಸಮೀಪಿಸದೆ ಜಾಗ ಬಿಡಲಿ. ನೀರಿನ ಮಾತು ಸರಳವಾಗಿದೆ. ಕಲಕಲ ಕುದಿಯಲಾರಂಭಿಸಿದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷವೆನ್ನುವರು. ನಮ್ಮ ನಾಡಿನಲ್ಲಿ ಎಲ್ಲಕ್ಕಿಂತ ಎತ್ತರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್ ಇರುವುದರಿಂದ ಆ ಲೆಕ್ಕ ನಮಗೆ ಬೇಡ.

ಇಷ್ಟೆಲ್ಲ ಎಚ್ಚರಿಕೆಗಳನ್ನು ಓದಿ, ಹಾಗಾದರೆ ಮನೆಯಲ್ಲಿಯೇ ಇರೋಣವೆಂದು ಯಾರಾದರೂ ಅಂದುಕೊಂಡರೆ ಅದು ನಮ್ಮ ಬರೆವಣಿಗೆಯ ದೋಷ. ಎರಡನೆಯ ವರ್ಷದ ಬಿಡಾರದ ಒಂದು ರಾತ್ರಿಯನ್ನು ಹೇಳುತ್ತೇವೆ. ಬೆಳಗಿನ ಜಾವ ಮೂರರ ಸುಮಾರಿಗೆ ನಮ್ಮ ತಾಯಿಯವರು ಹೊರಗೆ ಹೋಗಬೇಕೆಂದು ಎದ್ದರು. ಟಾರ್ಚಿನ ಅಧಿಕಾರಿಣಿಯಾದ ಮೊಮ್ಮಗಳೂ ಎದ್ದಳು. ಚಂದ್ರ ಮುಳುಗಿದ್ದನು. ಹಿಂದಿರುಗುವಾಗ ಅಜ್ಜಿ ತಲೆಯೆತ್ತಿ ನಿಂತುಬಿಟ್ಟರು. “ಟಾರ್ಚು ಆರಿಸು ಮಗು. ನೋಡು, ಆ ಗೊಂಚಲು ಕೃತ್ತಿಕೆ. ಅದರ ಹಿಂದೆ ರೋಹಿಣಿ. ಈ ಮೂರು ಸಾಲಾಗಿವೆಯಲ್ಲ, ಅಲ್ಲಿಯೇ ಮೃಗಶಿರ. ಪಕ್ಕದಲ್ಲಿ ಕೆಂಪಗಿದೆಯಲ್ಲ, ಅದೇ ಆರಿದ್ರಾ.” ಮಗುವಿಗೆ ಆಶ್ಚರ್ಯ. “ಆರಿದ್ರಾ ಎಂದರೆ ಮಳೆಯಲ್ಲವೇ ಅಜ್ಜಿ?” ಮಳೆಗೆ ನಕ್ಷತ್ರದ ಹೆಸರಿದೆಯೆಂದೂ, ಸೂರ್ಯನು ಆ ನಕ್ಷತ್ರದಲ್ಲಿರುವಾಗ ಬರುವ ಮಳೆಗೆ ಆ ಹೆಸರೆಂದೂ ನಗರದಲ್ಲಿ ಹುಟ್ಟಿದ ಆ ಮಗುವಿಗೆ ಯಾರೂ ಹೇಳಿರಲಿಲ್ಲ, ಹೇಳಲು ನಗರದ ಮಹಡಿಯ ಮೇಲೆ ನಕ್ಷತ್ರಗಳೂ ಕಾಣುವುದಿಲ್ಲ. ಮಾತು ಕೇಳಿ ಮಗನೂ ಎದ್ದು ಬಂದನು. ಮನೆಯಾಕೆಯೂ ಬಂದು ಕಂಬಳಿ ಹೊದ್ದು ಬದುವಿನ ಮೇಲೆ ಕುಳಿತರು. ಬೆಳಕು ಹರಿಯುವವರೆಗೆ ಯಾರೂ ಒಳಗೆ ಹೋಗಲಿಲ್ಲ. ಆಮೇಲೆ ಕಾಫಿಯನ್ನು ನಾವು ಮಾಡಿದೆವು. ಅವರು ಅದನ್ನು ಹಿಡಿದುಕೊಂಡು ಹೊಳೆಯ ಮೇಲಿನ ಮಂಜು ಏಳುವುದನ್ನು ಲೋಟ ಆರಿಹೋಗುವವರೆಗೆ ನೋಡುತ್ತ ಕುಳಿತಿದ್ದರು.

ಬಿಡಾರ ಕಿತ್ತು ಮನೆಗೆ ಬಂದ ದಿನವೇ, ಎಷ್ಟೇ ದಣಿದಿದ್ದರೂ, ಗುಡಾರವನ್ನು ಮಹಡಿಯ ಮೇಲೆ ಬಿಚ್ಚಿ ಹರವಬೇಕು. ಒದ್ದೆಯನ್ನು ಮಡಿಸಿಟ್ಟರೆ ವಾರದೊಳಗೆ ಬೂಸಲು ಹಿಡಿದು, ಆ ವಾಸನೆ ಮತ್ತೆಂದೂ ಹೋಗದು. ಒಣಗಿದೊಡನೆ ತೆಗೆದಿಡಿ, ದಿನಗಟ್ಟಲೆಯ ಬಿಸಿಲಿಗೆ ಅದರ ಬಟ್ಟೆ ಜೀರ್ಣವಾಗುವುದು.

ಸೋದರಿಗೆ ಇನ್ನೊಂದು ಮಾತು ಉಳಿದಿದೆ. ಅಣ್ಣನವರ ಮನೆಯ ಮುಂದಿನ ಕಣದಲ್ಲಿ ಗುಡಾರ ಹಾಕಿದರೆ, ನಿಮ್ಮ ಅತ್ತಿಗೆಯವರು ಸುಮ್ಮನಿರುವವರಲ್ಲ. ಬೆಳಗಾಗುವುದರೊಳಗೆ ಹಬೆಯಾಡುವ ಕಡುಬಿನ ಪಾತ್ರೆ ಕಣಕ್ಕೆ ಬರುವುದು ಖಂಡಿತ. ಅದನ್ನು ಒಂದು ಹೊತ್ತು ಸಂತೋಷದಿಂದ ತಿನ್ನಿ. ಎರಡನೆಯ ಹೊತ್ತಿಗೆ ಪಾತ್ರೆಯನ್ನು ತೊಳೆದು ಹಿಂದಕ್ಕೆ ಕಳುಹಿಸಿ, ಅತ್ತಿಗೆಯವರನ್ನೇ ಊಟಕ್ಕೆ ಕರೆಯಿರಿ. ಇಲ್ಲವಾದರೆ ಒಲೆಯ ಮುಂದೆ ನಿಮ್ಮ ಬದಲು ಅವರು ಕುಳಿತಂತಾಗಿ, ಮುಂದಿನ ತಿಂಗಳು ನಮಗೆ ಅವರ ಕಾಗದ ಬಂದೀತು. ಯಜಮಾನರ ಮೊದಲ ದಿನದ ಅನ್ನ ಹೇಗಾಯಿತೆಂಬುದನ್ನು ಮಾತ್ರ ಮರೆಯದೆ ಬರೆದು ತಿಳಿಸಬೇಕು. ಆ ವಿಷಯದಲ್ಲಿ ನಾವು ಒಬ್ಬಂಟಿಗರಲ್ಲವೆಂದು ನಮ್ಮ ಮನೆಯಲ್ಲಿ ತೋರಿಸಬೇಕಾಗಿದೆ.